ಬೆರಳು ಬಿಡುವ ಹೊತ್ತು

ಗಡಿಯಾರ ರಿಪೇರಿಯವನ ಬೆರಳುಗಳು ತಿಂಗಳಿಂದ ಬೆಳಗಾದರೆ ಮಡಚಲು ಬರುತ್ತಿರಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುತ್ತಿದ್ದ ಕೈ ಈಗ ಲೋಟ ಹಿಡಿಯಲೂ ಒದ್ದಾಡುತ್ತಿತ್ತು. ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ, ಅವನಿಗೋ ಬೇರೆ ಕಸುಬು ಬಾರದು.

ಇದು ಕೀಲು ಸವೆತವೂ ಇರಬಹುದು, ಸಂಧಿವಾತವೂ ಇರಬಹುದು, ಮೇಲ್ನೋಟಕ್ಕೆ ಎರಡೂ ಒಂದೇ ಥರ ಎಂದಿದ್ದರು ಡಾಕ್ಟರು. "ಎದ್ದ ಮೇಲೆ ಬೆರಳು ಬಿಡೋಕೆ ಎಷ್ಟು ಹೊತ್ತು ಬೇಕು, ನೋಡ್ಕೊಂಡು ಬನ್ನಿ. ಅರ್ಧ ಗಂಟೆಯೊಳಗೆ ಬಿಟ್ರೆ ಸವೆತ ಅನ್ನೋಣ. ಗಂಟೆ ದಾಟಿದ್ರೆ ಸಂಧಿವಾತದ ಅನುಮಾನ. ಎಣ್ಣೆ, ಬಿಸಿನೀರು, ಮಾತ್ರೆ ಯಾವುದೂ ಮುಟ್ಟಬೇಡಿ."

ಮನೆಯವರು ಬಿಟ್ಟರೆ ತಾನೇ? ಇವತ್ತು ಏನೇ ಆಗಲಿ ನೋಡಿಯೇ ತೀರುತ್ತೇನೆಂದು ಹಟ ತೊಟ್ಟು ಎದ್ದರೆ, ಎದುರಿಗೇ ಅತ್ತೆ, ಬಿಸಿನೀರಿನ ಬೋಗುಣಿ ಸಮೇತ. "ಕೈ ಅದ್ದಿ ಅಳಿಯಂದ್ರೇ, ಎಲ್ಲಾ ಸವೆತಾನೇ," ಎಂದರು. ಫೋನನ್ನೂ ತೆಗೆದುಕೊಳ್ಳದೆ ಹಿತ್ತಿಲ ಬಾಗಿಲಿಂದ ಓಡಿದ. ಅಲ್ಲಿ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಎಣ್ಣೆ ಬಾಟಲಿ ಹಿಡಿದು ಕಾಯುತ್ತಿದ್ದರು. ಅವರ ಭಾವನಿಗೂ ಹೀಗೇ ಆಗಿ ಸಂಧಿವಾತ ಎಂದು ಗೊತ್ತಾಯಿತಂತೆ. ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಹಿಂದಿನ ಬೀದಿಯ ತನ್ನ ಅಂಗಡಿ ಸೇರಿದ. ಅವನ ಪಾಲುದಾರ ತನ್ನ ಹೆಂಡತಿಯ ಕೀಲುನೋವಿನ ಮಾತ್ರೆಯನ್ನೇ ಅರ್ಧ ಮುರಿದು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದ.

ಅವನು ಮಾತ್ರೆಯಿಂದಲೂ ತಪ್ಪಿಸಿಕೊಂಡ. ಹಿಂದಿನ ಕೋಣೆಗೆ ನುಗ್ಗಿ ಮೊಣಕೈಯಲ್ಲೇ ಅಗಳಿ ಸರಿಸಿದ. ಬೆಲ್ಟು ಒತ್ತುತ್ತದೆಂದು ಕೈಗಡಿಯಾರ ಕಟ್ಟುವುದನ್ನು ಬಿಟ್ಟು ದಿನಗಳಾಗಿದ್ದವು. ಗೋಡೆ ತುಂಬ ಸತ್ತ ಗಡಿಯಾರಗಳು. ಪುಣ್ಯಕ್ಕೆ ಒಂದು ಟಕಟಕ ಎನ್ನುತ್ತಿತ್ತು. ಆರೂವರೆ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗೆ ಪಾಲುದಾರನೂ ಬೆನ್ನಟ್ಟಿ ಬಂದ ಅತ್ತೆ, ಮೇಷ್ಟ್ರೂ ಸೇರಿ ಬಾಗಿಲು ಬಡಿದರೂ ಕಲ್ಲಿನಂತೆ ಕೂತ.

ಕೊನೆಗೆ ಮುಷ್ಟಿ ಕಟ್ಟಲು ಬಂತು. ತಲೆಯೆತ್ತಿದರೆ ಎಂಟು! ಬಾಗಿಲು ತೆರೆದಾಗ ಅತ್ತೆಯ ಬೋಗುಣಿಯ ನೀರು ಇನ್ನೂ ಹಬೆಯಾಡುತ್ತಿತ್ತು. ಅದನ್ನು ನೋಡುವ ವ್ಯವಧಾನ ಅವನಿಗೆಲ್ಲಿ? ಸೀದಾ ಡಾಕ್ಟರ ಬಳಿ ಓಡಿದ.

"ಒಂದೂವರೆ ಗಂಟೆ, ಡಾಕ್ಟ್ರೇ."

ಡಾಕ್ಟರು ಗೆಣ್ಣುಗಳನ್ನು ಒತ್ತಿ ನೋಡಿ, ಸಂಧಿವಾತದ ಕಡೆಗೇ ವಾಲುತ್ತಿದೆ ಎನ್ನುತ್ತಾ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅವನಿಗೆ ಅರ್ಧ ಕಾಯಿಲೆ ವಾಸಿಯಾದಷ್ಟು ಸಮಾಧಾನವಾಯಿತು. ಡಾಕ್ಟರು ಹೊತ್ತು ನೋಡಲು ಗೋಡೆಯತ್ತ ತಿರುಗಿದರು. ಅಲ್ಲಿ ಬರೀ ಮೊಳೆ ಇತ್ತು.

"ಅಂದಹಾಗೆ, ನನ್ನ ಗಡಿಯಾರ ಏನಾಯ್ತು? ಮನಸ್ಸು ಬಂದ ಹಾಗೆ ಎಗರೆಗರಿ ಓಡುತ್ತೆ ಅಂತ ಕೊಟ್ಟು ತಿಂಗಳಾಯ್ತಲ್ಲ?"

ಬೆಳಿಗ್ಗೆ ಅವನು ಹೊತ್ತು ನೋಡಿದ್ದು ಅದರಲ್ಲೇ! ಬೆರಳು ಬಾರದೆ, ಬಿಚ್ಚದೆ, ಹಿಂದಿನ ಕೋಣೆಯಲ್ಲಿ ನೇತುಹಾಕಿದ್ದ. ಚೀಟಿ ಜೇಬಿಗಿಳಿಸಿ ಸುಮ್ಮನಿರಬಹುದಿತ್ತು. ಆದರೆ ಬೆರಳು ಅವನವೇ ತಾನೇ? ಹೇಳಿಬಿಟ್ಟ.

ಡಾಕ್ಟರು ಚೀಟಿ ವಾಪಸು ತೆಗೆದುಕೊಂಡು ಹರಿದರು. "ಇದು ಅರ್ಧ ಗಂಟೆಯೋ, ಒಂದೂವರೆ ಗಂಟೆಯೋ, ದೇವರೇ ಬಲ್ಲ. ನಾಳೆ ಮತ್ತೆ ನೋಡಿ. ಅದಕ್ಕೂ ಮೊದಲು ಆ ಗಡಿಯಾರ ಸರಿಮಾಡಿ."

"ಖಂಡಿತ ಡಾಕ್ಟ್ರೇ," ಎಂದ ಅವನು ದೃಢವಾಗಿ, "ಬೆರಳು ವಾಸಿಯಾದ ತಕ್ಷಣ."