ಹುಳ ಹಣ್ಣಾದ ಮೇಲೆ ರೈಲು

ನಮ್ಮ ಯಜಮಾನರು ನೋಡದ ಊರಿಲ್ಲ. ಒಂದೇ ಷರತ್ತು, ಆ ಊರು ಸಂಜೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಿಗೆ ಮನೆಗೆ ವಾಪಸ್ಸು ಬರುವಷ್ಟು ಹತ್ತಿರ ಇರಬೇಕು. ಹಾಗಾಗಿ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಇಷ್ಟೂ ಅವರಿಗೆ ಅಂಗೈಯಷ್ಟು ಪರಿಚಯ. ಒಮ್ಮೆ ಕಬ್ಬಾಳಿನಲ್ಲಿ ದರ್ಶನದ ಸಾಲು ಉದ್ದ ಇತ್ತೆಂದು ಹೊರಗಿನಿಂದಲೇ ಕೈ ಮುಗಿದು, "ತಾಯಿ, ನಿಂಗೆಲ್ಲಾ ಗೊತ್ತು, ಹುಳ ಹಸ್ಕೊಂಡವೆ" ಎಂದು ಹೇಳಿ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದ ಮನುಷ್ಯ. ಇಂಥವರು ಮೈಸೂರು, ಹಾಸನ, ಮಂಗಳೂರು ಎಂದು ರೈಲಿನಲ್ಲಿ ಮೂರು ಊರು ಸುತ್ತಿ ಬಂದರು ಎಂದರೆ ನಂಬುತ್ತೀರಾ? ನಾನು ಜೊತೆಯಲ್ಲೇ ಇದ್ದೆ, ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ನಾನು ಹೆಚ್ಚು ಓದಿದವಳಲ್ಲ. ನಾಲ್ಕು ಸಾಲು ಬರೆಯುವುದರೊಳಗೆ ಒಲೆಯ ಮೇಲಿನ ಸಾರು ತಳ ಹತ್ತುತ್ತದೆ. ಹತ್ತಲಿ ಬಿಡಿ. ಈ ಸಂತೋಷವನ್ನು ಯಾರಿಗಾದರೂ ಹೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಎಲ್ಲ ಶುರುವಾಗಿದ್ದು ಮೊಮ್ಮಗಳಿಂದ. ಎರಡನೇ ಕ್ಲಾಸು. ಅವಳ ಪುಸ್ತಕದಲ್ಲಿ ಸಮುದ್ರದ ಪಾಠ ಬಂದಿತ್ತು. ಸ್ಕೂಲಿನಿಂದ ಬಂದವಳೇ ಹುಳದ ಮನೆಗೆ ನುಗ್ಗಿದಳು.

"ತಾತ, ಸಮುದ್ರ ನಮ್ಮ ಕೆರೆಗಿಂತ ದೊಡ್ಡದಾ?"

"ದೊಡ್ಡದು ಕಣವ್ವ."

"ನೀನು ನೋಡಿದೀಯಾ?"

ಯಜಮಾನರು ಸೊಪ್ಪಿನ ಬುಟ್ಟಿ ಕೆಳಗಿಟ್ಟರು. ಮಗುವಿನ ಹತ್ತಿರ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ದಸರಾ ರಜಕ್ಕೆ ಇಬ್ರೂ ನೋಡುವ. ರೈಲಲ್ಲಿ ಕರ್ಕೊಂಡೋಯ್ತೀನಿ" ಎಂದುಬಿಟ್ಟರು. ಮಗು ಸ್ಕೂಲಿನಲ್ಲಿ ಹೇಳಿದಳು, ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದಳು. ಬಂದ ಮೇಲೆ ಸಮುದ್ರ ಹೇಗಿತ್ತೆಂದು ಇಡೀ ಕ್ಲಾಸಿಗೆ ಹೇಳಬೇಕು ಎಂದು ಮಿಸ್ಸು ಬೇರೆ ಒಪ್ಪಿಸಿದರಂತೆ. ಇನ್ನು ಆಡಿದ ಮಾತು ವಾಪಸ್ಸು ತೆಗೆದುಕೊಳ್ಳುವ ಹಾಗಿಲ್ಲ.

ರೇಷ್ಮೆ ಹುಳ ಸಾಕಿ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಈ ಹುಳ ಹುಟ್ಟಿದಾಗಿನಿಂದ ಹಗಲು ರಾತ್ರಿ ಸೊಪ್ಪು ಮೇಯುತ್ತದೆ, ಮೇಯುವ ಸದ್ದು ಸಣ್ಣ ಮಳೆ ಬಂದ ಹಾಗೆ ಕೇಳುತ್ತದೆ. ನಡುವೆ ನಾಲ್ಕು ಸಲ ಮಾತ್ರ ಊಟ ಬಿಟ್ಟು, ತಲೆ ಎತ್ತಿಕೊಂಡು ನಿದ್ದೆ ಹೋಗಿ, ಎದ್ದು ಪೊರೆ ಕಳಚುತ್ತದೆ. ಇದಕ್ಕೆ ನಾವು ಜ್ವರ ಎನ್ನುತ್ತೇವೆ. ಕೊನೆಗೆ ಮೇವು ಬಿಟ್ಟು, ಮೈ ಹಳದಿಯಾಗಿ ಹಣ್ಣಾದಾಗ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಟ್ಟರೆ ತನ್ನ ಪಾಡಿಗೆ ಗೂಡು ಕಟ್ಟುತ್ತದೆ. ಆಗ ನಾಲ್ಕೈದು ದಿನ ಮನುಷ್ಯರಿಗೆ ಬಿಡುವು. ನಮ್ಮ ಮನೆಯಲ್ಲಿ ಮದುವೆ, ನಾಮಕರಣ, ಯಜಮಾನರ ಕ್ಷೌರ ಎಲ್ಲವೂ ನಡೆದದ್ದು ಈ ಬಿಡುವುಗಳಲ್ಲೇ. ಐನೋರು ಒಳ್ಳೆಯ ಮುಹೂರ್ತ ಹುಡುಕಿ ಕೊಟ್ಟರೆ ಇವರು, "ಅವತ್ತು ಹುಳ ಮೇಯ್ತಾ ಇರ್ತವೆ, ಒಸಿ ಮುಂದಕ್ಕಾಕಿ ಸ್ವಾಮಿ" ಎನ್ನುತ್ತಾರೆ.

ಇಂಥವರು ಪ್ರವಾಸದ ಪ್ಲಾನು ಹಾಕಿದರೆ ಹೇಗಿರುತ್ತದೆ? ಹೀಗಿರುತ್ತದೆ. "ಮೂರನೇ ಜ್ವರಕ್ಕೆ ಮೈಸೂರ್ ನೋಡ್ಕೊಂಡು ವಾಪಸ್ ಬರದು. ನಾಲ್ಕನೇ ಜ್ವರಕ್ಕೆ ಹಾಸನ ನೋಡ್ಕೊಂಡು ವಾಪಸ್ ಬರದು. ಹಣ್ಣಾದ್ಮೇಲೆ ಮಂಗ್ಳೂರು."

"ಅಲ್ಲಾ, ಹಾಸನಕ್ಕೆ ರೈಲು ಮೈಸೂರ್ ಮೇಲೇ ಹೋಗದು. ಮಂಗ್ಳೂರಿಗೂ ಅದೇ ದಾರಿ. ನಾವೇನು ಟಿಕೆಟ್ ಕಲೆಕ್ಟ್ರಾ, ಅಲ್ಲೇ ಓಡಾಡ್ಕೊಂಡಿರಕ್ಕೆ?" ಎಂದೆ.

"ಬ್ಯಾರೇರು ಮೈಸೂರ ಒಂದ್ಸಲ ನೋಡ್ತಾರೆ, ನೀನು ಮೂರ್ಸಲ ನೋಡ್ತೀಯ. ನಿಂಗೇನ್ ಲಾಸು?"

ನಾನು ಎರಡು ದಿನ ಮಾತು ಬಿಟ್ಟ ಮೇಲೆ ಮೂರೂ ಊರು ಒಂದೇ ಸಲ, ಹುಳ ಚಂದ್ರಿಕೆ ಏರಿದ ಮೇಲೆ ಎಂದು ತೀರ್ಮಾನವಾಯಿತು. ಟಿಕೆಟ್ಟು ಮಾಡಿಸಲು ಸೊಸೆ ಫೋನು ಹಿಡಿದು ಕೂತಳು.

"ಮಾವ, ಯಾವತ್ತಿಗೆ ಹಾಕ್ಲಿ?"

"ಹುಳ ಹಣ್ಣಾದ ಮಾರನೇ ದಿನಕ್ಕೆ."

"ಹಂಗೆಲ್ಲಾ ಬರಲ್ಲ ಮಾವ. ತಾರೀಕು ಕೇಳ್ತದೆ."

"ಒಸಿ ಹೇಳ್ನೋಡು, ರೇಷ್ಮೆ ಬೆಳೆಯೋರು ಅಂತ."

"ಯಾರಿಗೆ ಹೇಳ್ಲಿ ಮಾವ, ಇದು ಫೋನು."

"ಅಷ್ಟುದ್ದ ರೈಲು ಓಡುಸ್ತಾರೆ, ಹುಳದ್ ವಿಚಾರ ತಿಳ್ದಿರಲ್ವಾ?"

ಸೊಸೆ ಲೆಕ್ಕ ಹಾಕಿ ಒಂದು ತಾರೀಕು ಒತ್ತಿದಳು. ಯಜಮಾನರು ನೇರವಾಗಿ ಹುಳದ ಮನೆಗೆ ಹೋಗಿ, ಆ ತಾರೀಕನ್ನು ಹುಳಗಳಿಗೆ ಗಟ್ಟಿಯಾಗಿ ಹೇಳಿ ಬಂದರು. ತಿಳಿಸುವುದು ನಮ್ಮ ಧರ್ಮ ಅಲ್ಲವೇ?

ಆಮೇಲೆ ರೈಲು ಹತ್ತುವ ಅಭ್ಯಾಸ. "ಮಂಗ್ಳೂರ್ ರೈಲು ನಾವ್ ಹತ್ತೋಗಂಟ ನಿಲ್ತದಾ? ಕಲೀಬೇಕು" ಎಂದು ನನ್ನನ್ನೂ ಮಗುವನ್ನೂ ರಾಮನಗರದ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಕೈಯಲ್ಲಿ ಚೀಲಗಳು ಬೇರೆ, ತೂಕಕ್ಕೆ ಒಳಗೆ ತೆಂಗಿನಕಾಯಿ. ರೈಲು ಬಂತು, ಹತ್ತಿದೆವು. ಚನ್ನಪಟ್ಟಣ ಬಂತು, ಇಳಿದೆವು. ಅಲ್ಲಿಂದ ಬಸ್ಸಿನಲ್ಲಿ ವಾಪಸ್ಸು, ಸಂಜೆ ಸೊಪ್ಪಿಗೆ ಸರಿಯಾಗಿ. ಮಗು ಮುಖ ಊದಿಸಿಕೊಂಡು, "ತಾತ, ಸಮುದ್ರ ಎಲ್ಲಿ?" ಎಂದಳು. "ಇದು ರಿಹರ್ಸಲ್ ಕಣವ್ವ, ಸಮುದ್ರ ಇರಲ್ಲ" ಎಂದರು.

ಎಲ್ಲ ಸರಿಯಾಗಿತ್ತು, ಮಳೆ ಹಿಡಿದುಕೊಂಡಿತು. ಥಂಡಿಯಾದರೆ ಹುಳ ಮಂಕಾಗುತ್ತದೆ, ಮೇಯುವುದೂ ನಿಧಾನ, ಹಣ್ಣಾಗುವುದೂ ನಿಧಾನ. ಯಜಮಾನರು ಹುಳದ ಮನೆಯಲ್ಲಿ ಕೆಂಡದ ಬಾಂಡಲಿ ಇಟ್ಟರು, ಕಿಟಕಿಗೆ ಗೋಣಿತಾಟು ಕಟ್ಟಿದರು. "ಒಸಿ ಜೋರಾಗಿ ತಿನ್ರವ್ವ, ಮಗೀಗೆ ಮಾತು ಕೊಟ್ಟಿವ್ನಿ" ಎಂದು ತಟ್ಟೆ ತಟ್ಟೆಗೂ ಬೇಡಿಕೊಂಡರು. ಮಗು ಅವರ ಹಿಂದೆ ನಿಂತು, "ರೈಲು ಹೊಂಟೋಯ್ತದೆ, ತಿನ್ರೋ" ಎಂದು ಗದರಿಸಿದಳು. ಒಬ್ಬರು ಬೇಡುವವರು, ಒಬ್ಬರು ಗದರಿಸುವವರು. ಹುಳ ಯಾರ ಮಾತೂ ಕೇಳಲಿಲ್ಲ.

ಹೊರಡುವ ಹಿಂದಿನ ದಿನ ಬಂತು. ಹುಳ ಇನ್ನೂ ಹಸಿರಾಗೇ ಮೇಯುತ್ತಿದ್ದವು. ಯಜಮಾನರು ಜಗುಲಿಯ ಮೇಲೆ ಕೂತು, ನನ್ನ ಮುಖ ನೋಡದೆ, "ನೀವಿಬ್ರೂ ಹೋಗ್ಬನ್ನಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗು ಒಳಗೆ ಹೋಗಿ, ಚೀಲದಲ್ಲಿದ್ದ ಹೊಸ ಫ್ರಾಕು ತೆಗೆದು ಗೂಟಕ್ಕೆ ನೇತುಹಾಕಿದಳು. ಅಳಲಿಲ್ಲ, ಹಟ ಮಾಡಲಿಲ್ಲ. "ತಾತ ಬರ್ದಿದ್ರೆ ನಂಗೂ ಬ್ಯಾಡ" ಎಂದು ಹೋಂವರ್ಕು ಬರೆಯಲು ಕೂತಳು. ರಂಪ ಮಾಡಿದ್ದರೆ ವಾಸಿಯಾಗಿತ್ತು.

ಆಗ ಸೊಸೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಮಾವನ ಮುಂದೆ ಯಾವತ್ತೂ ಗಟ್ಟಿಯಾಗಿ ಮಾತಾಡಿದವಳಲ್ಲ.

"ಮಾವ, ನಾನು ಈ ಮನೆಗೆ ಬಂದ್ಮೇಲೆ ಒಂದ್ ದಿನನಾದ್ರೂ ಹುಳಾನ ಹಸಿದ್ ಹೊಟ್ಟೇಲಿ ಬುಟ್ಟಿದೀನಾ?"

"ಇಲ್ಲ ಕಣವ್ವ."

"ಹಣ್ಣಾಗಿರೋದ ಹಸೀದ್ರಲ್ಲಿ ಬೆರುಸ್ಬುಟ್ಟು ಚಂದ್ರಿಕೆಗೆ ಹಾಕಿದೀನಾ?"

"ನೀನ್ಯಾಕ್ ಹಾಕಿಯವ್ವ."

"ಮತ್ತೆ ನಿಮ್ಮಗ ಸೊಪ್ಪು ತತ್ತಾರೆ, ಮಿಕ್ಕಿದ್ದು ನಾನ್ ನೋಡ್ಕೋತೀನಿ. ನೀವ್ ಹೋಗಿ."

ಯಜಮಾನರು ಎದ್ದು ಹೋಗಿ ಗೂಟದಿಂದ ಫ್ರಾಕು ತೆಗೆದು, ಅಡ್ಡಾದಿಡ್ಡಿ ಮಡಿಸಿ, ಚೀಲಕ್ಕೆ ಹಾಕಿದರು. ಅವರು ಬಟ್ಟೆ ಮಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಟೆವು. ಆದರೆ ಹುಳವನ್ನು ಮನೆಯಲ್ಲಿ ಬಿಟ್ಟು ಬಂದರು ಎಂದುಕೊಂಡಿರಾ? ಮೈಸೂರಿನ ಅರಮನೆಯೊಳಗೆ ಎಲ್ಲರೂ ಚಿನ್ನದ ಕೆಲಸ, ಬಣ್ಣದ ಗಾಜು ನೋಡಿ ಬೆರಗಾಗಿದ್ದರೆ ಇವರು ಕತ್ತು ಎತ್ತಿ ಛಾವಣಿ ನೋಡಿ, "ಒಳ್ಳೆ ಎತ್ತರ ಐತೆ, ಗಾಳಿ ಚೆನ್ನಾಗಾಡ್ತದೆ. ಹುಳ ಸಾಕಕ್ಕೆ ಹೇಳ್ ಮಾಡ್ಸಿದಂಗೈತೆ" ಎಂದರು. ಪಕ್ಕದಲ್ಲಿದ್ದ ಗೈಡು ಒಂದು ಕ್ಷಣ ಇಂಗ್ಲಿಷನ್ನೇ ಮರೆತ. ಹಾಸನಕ್ಕೆ ಹೋಗುವ ರೈಲಿನಲ್ಲಿ ಸೊಸೆಗೆ ಫೋನು ಮಾಡಿ, "ಹುಳದತ್ರ ಹಿಡಿಯವ್ವ" ಎಂದು ಕಿವಿಗೊಟ್ಟು ಕಣ್ಣು ಮುಚ್ಚಿ ಕೂತರು. ಎದುರು ಸೀಟಿನ ಹೆಂಗಸು ನೋಡುವಷ್ಟು ಹೊತ್ತು ನೋಡಿ ಕೇಳಿದರು.

"ಏನ್ ಯಜಮಾನ್ರೇ, ಭಜನೆನಾ?"

"ಇಲ್ಲ ಕಣಮ್ಮ, ಊಟ ಮಾಡ್ತಾವೆ."

ಆ ಹೆಂಗಸು ಹಾಸನ ಬರುವವರೆಗೆ ನಮ್ಮ ಕಡೆ ತಿರುಗಲಿಲ್ಲ.

ಹಾಸನದಿಂದ ಮುಂದೆ ಘಟ್ಟ, ಕಾಡು, ಸುರಂಗ. ಪ್ರತಿ ಸುರಂಗದಲ್ಲೂ ಮಗು ಕಿರುಚುವುದು, ತಾತ ಅವಳಿಗಿಂತ ಜೋರಾಗಿ ಕಿರುಚುವುದು. ಘಟ್ಟದಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಆ ದೇವರಿಗೆ ಒಂದು ನಮಸ್ಕಾರ.

ಮಂಗಳೂರು ಸೇರಿ, ಸಂಜೆ ಆಟೋ ಹಿಡಿದು ಸಮುದ್ರಕ್ಕೆ ಹೋದೆವು. ನೋಡಿದ ತಕ್ಷಣ ಮಗು ಓಡಿದಳು, ಬಿದ್ದಳು, ಉಪ್ಪು ನೀರು ಕುಡಿದು ಉಗುಳಿದಳು, ನಕ್ಕಳು. ಸುಸ್ತಾಗಿ ತಾತನ ತೊಡೆಯ ಮೇಲೆ ತಲೆಯಿಟ್ಟು ಮರಳಲ್ಲೇ ನಿದ್ದೆ ಹೋದಳು. ಒಂದು ಅಲೆ ಬಂದು ಇವರ ಪಂಚೆ ತೋಯಿಸಿತು. ಮನುಷ್ಯ ಅಲುಗಾಡಲಿಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸೊಸೆ. ಇವರು ಜೇಬಿನಿಂದ ಅದನ್ನು ತೆಗೆದು ನನ್ನ ಕೈಗೆ ಕೊಟ್ಟು, "ಒಸಿ ಆಚೆಗೋಗಿ ಮಾತಾಡಮ್ಮಿ, ಮಗು ಎದ್ಬುಡ್ತದೆ" ಎಂದು ಪಿಸುಗುಟ್ಟಿದರು.

ನಾನು ದೂರ ಹೋಗಿ ಮಾತಾಡಿದೆ. ಬೆಳಗ್ಗೆಯಿಂದ ಹುಳ ಹಣ್ಣಾಗತೊಡಗಿವೆಯಂತೆ, ಚಂದ್ರಿಕೆ ತುಂಬಿದೆಯಂತೆ, ಮಾವನಿಗೆ ಚಿಂತೆ ಬೇಡ ಎಂದು ಹೇಳಬೇಕಂತೆ. ಮರಳಿನಲ್ಲಿ ಎಡವುತ್ತಾ ಓಡಿ ಬಂದೆ. ಇವರು ಏನಾಯಿತು ಎಂದು ಕೇಳಲಿಲ್ಲ. ಸಮುದ್ರ ನೋಡುತ್ತಿದ್ದರು. ನೋಡುತ್ತಲೇ ಪಕ್ಕದ ಮರಳನ್ನು ಅಂಗೈಯಿಂದ ಸವರಿ ಸಮ ಮಾಡಿದರು.

"ಬಾ, ಕೂತ್ಕೊ. ನೀನೂ ನೋಡಿರ್ಲಿಲ್ವಲ್ಲ."

ಹುಳದ ಸುದ್ದಿ ಆಮೇಲೆ ಹೇಳಿದರಾಯಿತು ಎಂದು ಅವರ ಪಕ್ಕದಲ್ಲಿ ಕೂತೆ.