ಕರಡಿಗೂ ಗುಂಪಿಗೂ ನಡುವೆ ನಮ್ಮತ್ತೆ

ನಮ್ಮತ್ತೆ ಬದುಕಿದ್ದುಕೊಂಡೇ ಹಲವು ಸಲ ಸತ್ತವರು! ಗಾಬರಿಯಾಗಬೇಡಿ, ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಹೋದ ವಾರವಷ್ಟೇ ಫೋನ್ ಮಾಡಿ ನನ್ನನ್ನು ಬೈದಿದ್ದಾರೆ. ಮೊದಲನೆಯ ಸಲ ಹಸಿವಿನಿಂದ ಸತ್ತರು. ಆಮೇಲೆ ಚಳಿಗೆ ಸತ್ತರು. ಒಮ್ಮೆ ಗೊತ್ತಿಲ್ಲದ ಅಣಬೆ ತಿಂದು ಸತ್ತರು. (ಮಲೆನಾಡಿನಲ್ಲಿ ಹುಟ್ಟಿ ಬೆಳೆದು ಅಣಬೆ ತಿಂದು ಸಾಯುವುದೆಂದರೆ! ಆ ಅವಮಾನಕ್ಕೆ ಅವರು ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.) ಉಳಿದ ಸಾವುಗಳೆಲ್ಲ ಕರಡಿಯ ಖಾತೆಗೆ ಸೇರಿದ್ದು. ಪ್ರತಿ ಸಲವೂ ಸತ್ತ ಮೇಲೆ ಒಂದು ಲೋಟ ಕಾಫಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮತ್ತೆ ಹುಟ್ಟಿ ಬಂದು ಸೌದೆ ಆರಿಸಲು ಹೊರಡುತ್ತಿದ್ದರು.

ಇದೆಲ್ಲ ನಡೆದದ್ದು ಕಂಪ್ಯೂಟರಿನೊಳಗೆ. ಆದರೆ ನಮ್ಮತ್ತೆಗೆ ಒಳಗೆ, ಹೊರಗೆ ಎಂಬ ಭೇದ ಅಷ್ಟಾಗಿ ಇರಲಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ದೇವರಮನೆ ಗುಡ್ಡದ ಬುಡದಲ್ಲಿ ಅವರದೊಂದು ಕಾಫಿ ತೋಟ. ಮಾವ ತೀರಿಕೊಂಡಾಗ ಅವರಿಗೆ ಇನ್ನೂ ಚಿಕ್ಕ ವಯಸ್ಸು, ಮಕ್ಕಳಿರಲಿಲ್ಲ. 'ಒಬ್ಬಳೇ ಹೆಂಗಸು, ಪಾಪ' ಎಂದು ನೆಂಟರೆಲ್ಲ ಸಹಾಯಕ್ಕೆ ಓಡಿ ಬಂದರು. ಮೈದುನ ಒಬ್ಬ ಮೆಣಸಿನ ವ್ಯಾಪಾರ ನೋಡಿಕೊಂಡ, ಇನ್ನೊಬ್ಬ ಆಳುಗಳನ್ನು ನೋಡಿಕೊಂಡ, ಓರಗಿತ್ತಿ ಒಬ್ಬಳು ಉಗ್ರಾಣದ ಬೀಗದ ಕೈ ನೋಡಿಕೊಂಡಳು. ವರ್ಷ ತಿರುಗುವುದರೊಳಗೆ ಅತ್ತೆ ತಮ್ಮ ಮನೆಗೆ ತಾವೇ ನೆಂಟರಾಗಿದ್ದರು! ಒಂದು ದಿನ ಎಲ್ಲರಿಗೂ ಹೋಳಿಗೆ ಊಟ ಹಾಕಿ, ಕೈ ತೊಳೆಯುವ ಹೊತ್ತಿಗೆ ಬೀಗದ ಕೈಗಳನ್ನು ವಾಪಸು ಇಸಕೊಂಡು, ಜೀಪು ತರಿಸಿ ಅಷ್ಟೂ ಜನರನ್ನು ಊರಿಗೆ ಕಳಿಸಿದರು. ಅಂದಿನಿಂದ ಯಾರ ಸಹಾಯವನ್ನೂ ಇಟ್ಟುಕೊಂಡವರಲ್ಲ. ನಾವು ಒಂದು ಹಲಸಿನ ಹಣ್ಣು ಕಳಿಸಿದರೆ ಮಾರನೆಯ ದಿನವೇ ಬಾಳೆಗೊನೆ ಬಂದು ಬಾಗಿಲಲ್ಲಿ ಕೂರುತ್ತಿತ್ತು. ನನ್ನ ಹೆಂಡತಿ ಹೆದರಿ, ಕೊನೆಗೆ ಅವರಿಗೆ ಏನೂ ಕಳಿಸುವುದನ್ನೇ ಬಿಟ್ಟಳು.

ಇಂಥವರು ಆಟಕ್ಕೆ ಬಿದ್ದದ್ದು ನನ್ನ ಅಂಗಡಿಯಲ್ಲಿ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಜೆರಾಕ್ಸ್ ಮತ್ತು ಇಂಟರ್ನೆಟ್ ಸೆಂಟರ್ ಇಟ್ಟಿದ್ದೆ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಸಂತೆಯ ದಿನ ಅತ್ತೆ ಜೀಪು ಓಡಿಸಿಕೊಂಡು ಬಂದು, ಲಂಡನ್ನಿನಲ್ಲಿ ಕಾಫಿ ರೇಟು ಏನಾಗಿದೆ ಎಂದು ನೋಡಿ, ಲಂಡನ್ನಿಗೆ ನಾಲ್ಕು ಬೈದು ಹೋಗುತ್ತಿದ್ದರು. ಅಂಥ ಒಂದು ದಿನ ಪಕ್ಕದ ಕಂಪ್ಯೂಟರಿನಲ್ಲಿ ಔಷಧಿ ಅಂಗಡಿಯವನು ಊಟದ ಬಿಡುವಿನಲ್ಲಿ ಏನೋ ಆಡುತ್ತಿದ್ದ.

"ಎಂಥದ ಅದು? ಆ ಮನುಷ್ಯ ಎಂತಕ್ಕೆ ಹಾಗೆ ತೂರಾಡ್ತಾನೆ? ಕುಡಿದಿದಾನಾ?"

"ಇಲ್ಲ ಮೇಡಂ, ಹಸಿವು. ಇನ್ನು ಸ್ವಲ್ಪ ಹೊತ್ತಿಗೆ ಸಾಯ್ತಾನೆ."

"ಸಾಯ್ತಾನಾ! ನಿನ್ನ ಎದುರಿಗೇ ಒಬ್ಬ ಸಾಯ್ತಿದಾನೆ, ನೀನು ಬನ್ ತಿಂತಾ ಕೂತಿದೀಯಲ್ಲ ಮಾರಾಯ! ಊಟ ಹಾಕು ಅವನಿಗೆ!"

ಆ ದಿನ ಅತ್ತೆ ಕಾಫಿ ರೇಟು ನೋಡುವುದನ್ನೇ ಮರೆತರು. ಆಟ ಬಹಳ ಸರಳ. ಬರಿಗೈಯಲ್ಲಿ ಒಂದು ದ್ವೀಪಕ್ಕೆ ಬಂದು ಬೀಳುತ್ತೀರಿ. ಸೌದೆ, ನೀರು, ಆಹಾರ ಹುಡುಕಬೇಕು, ಮನೆ ಕಟ್ಟಬೇಕು, ಬದುಕಬೇಕು. ಅದೇ ದ್ವೀಪದಲ್ಲಿ ಇಂಟರ್ನೆಟ್ಟಿನ ಮೂಲಕ ಬೇರೆ ಬೇರೆ ದೇಶಗಳ ಜನರೂ ಅಲೆಯುತ್ತಿರುತ್ತಾರೆ. ಬೇಕಾದರೆ ಅವರ ಗುಂಪಿಗೆ ಸೇರಬಹುದು, ಬೇಡದಿದ್ದರೆ ಒಂಟಿಯಾಗಿರಬಹುದು. ಒಂದೇ ಒಂದು ಕಟ್ಟುನಿಟ್ಟಿನ ನಿಯಮ: ಮನೆಯವರು ಹದಿನೈದು ದಿನ ಮನೆಯೊಳಗೆ ಕಾಲಿಡದಿದ್ದರೆ ಬಾಗಿಲಿನ ಬೀಗ ತಾನಾಗಿ ಕಳಚಿ ಬೀಳುತ್ತದೆ. ಆಮೇಲೆ ಯಾರು ಬೇಕಾದರೂ ಒಳಗೆ ನುಗ್ಗಿ ಮನೆ ತಮ್ಮದೆನ್ನಬಹುದು.

"ಬೀಗದ ವಿಷಯ ನಂಗೆ ಹೇಳ್ಕೊಡೋದು ಬೇಡ" ಎಂದು ಅತ್ತೆ ತೋಟಕ್ಕೇ ಕಂಪ್ಯೂಟರ್ ತರಿಸಿದರು.

ವೈರು ಜೋಡಿಸಲು ಹೋದ ನಾನು ಅಲ್ಲೇ ಕೂತು ನೋಡಿದೆ. ನನ್ನ ಕುತೂಹಲ ಕೆರಳಿದ್ದೇ ಅಲ್ಲಿ. ಬೇರೆಯವರೆಲ್ಲ ಮೊದಲು ಈಟಿ ಮಾಡಿಕೊಂಡರೆ ಅತ್ತೆ ಮೊದಲು ಚರಂಡಿ ತೋಡಿದರು! ಆ ಆಟದಲ್ಲಿ ಮಳೆ ಬರುತ್ತದೆ, ಆದರೆ ನೀರು ನಿಲ್ಲುವುದಿಲ್ಲ, ಹರಿಯುವುದೂ ಇಲ್ಲ. "ಅತ್ತೆ, ಇಲ್ಲಿ ಚರಂಡಿ ಬೇಡ" ಎಂದೆ. "ಬೇಡ ಅಂತ ನೀನು ಹೇಳ್ತೀಯ, ಮಳೆ ಹೇಳ್ಬೇಕಲ್ಲ" ಎಂದರು. ಚರಂಡಿ ಆದ ಮೇಲೆ ಎರಡು ವಾರ ನೆರಳಿನ ಮರ ನೆಟ್ಟರು. ಕಾಫಿ ಗಿಡ ಒಂದೂ ಇಲ್ಲ, ಬರೀ ನೆರಳು! ಆ ನೆರಳಿನಲ್ಲಿ ಕರಡಿ ಬಂದು ಹಾಯಾಗಿ ಮಲಗಲು ಶುರು ಮಾಡಿತು.

ಕರಡಿ ಬಂದಾಗ ಹತ್ತಿರದವರನ್ನು ಕೂಗಬೇಕು, ಅಂದರೆ ಟೈಪ್ ಮಾಡಬೇಕು. ಎಲ್ಲರೂ 'ಹೆಲ್ಪ್' ಎಂದು ಒಂದು ಪದ ಹೊಡೆದು ಓಡುತ್ತಾರೆ. ನಮ್ಮತ್ತೆ ಒಂದೇ ಬೆರಳಿನಲ್ಲಿ 'ಡಿಯರ್ ಸರ್' ಎಂದು ಆರಂಭಿಸಿ, 'ಎ ಬೇರ್ ಹ್ಯಾಸ್ ಅರೈವ್ಡ್ ಅಟ್ ಮೈ ಪ್ರಿಮೈಸಸ್' ಎಂದು ವಿಷಯ ತಿಳಿಸಿ, 'ಥ್ಯಾಂಕಿಂಗ್ ಯು' ಬರೆಯುವಷ್ಟರಲ್ಲಿ ಕರಡಿ ತನ್ನ ಕೆಲಸ ಮುಗಿಸಿ ಹೋಗಿರುತ್ತಿತ್ತು.

ಅತ್ತೆಯ ಮನೆಯ ಆಚೆ ದಿಬ್ಬದ ಮೇಲೆ ಒಂದು ಗುಂಪಿನ ಊರಿತ್ತು. ಅದರ ಯಜಮಾನ ಪೋಲೆಂಡ್ ದೇಶದ ಒಬ್ಬ ಲಾರಿ ಡ್ರೈವರ್. ಒಂಟಿ ಹೆಂಗಸೊಬ್ಬಳು ಮತ್ತೆ ಮತ್ತೆ ಕರಡಿಗೆ ಆಹುತಿಯಾಗುವುದನ್ನು ಕಂಡು ಅವನಿಗೆ ಪಾಪ ಎನಿಸಿರಬೇಕು. 'ನಮ್ಮ ಗುಂಪಿಗೆ ಬನ್ನಿ, ಇಲ್ಲಿ ಎಲ್ಲವೂ ಎಲ್ಲರದು' ಎಂದು ಬರೆದ.

"ಎಲ್ಲವೂ ಎಲ್ಲರದು ಅಂದ್ರೆ ಕೀಲಿ ಯಾರ ಹತ್ರ ಇರತ್ತೆ, ಕೇಳು" ಎಂದು ಅತ್ತೆ ನನ್ನಿಂದ ಬರೆಸಿದರು.

'ನನ್ನ ಹತ್ತಿರ' ಎಂದು ಬಂತು ಉತ್ತರ.

"ನೋಡು! ನಮ್ಮ ಮೈದುನ ಪೋಲೆಂಡಿನಲ್ಲಿ ಹುಟ್ಟಿದಾನೆ!"

ಆದರೂ ಕರಡಿಯ ಕಾಟ ತಡೆಯಲಾರದೆ ಒಂದು ದಿನ ಸೇರಿಯೇ ಬಿಟ್ಟರು. ಸೇರಿದ ವಾರದಲ್ಲೇ ಅದು ಗುಂಪು ಹೋಗಿ ಎಸ್ಟೇಟ್ ಆಯಿತು. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬಾವಿಯ ಹತ್ತಿರ ಬಂದು ಸಾಲಾಗಿ ನಿಲ್ಲಬೇಕು, ಅಲ್ಲಿ ಅತ್ತೆ ಕೆಲಸ ಹಂಚುತ್ತಾರೆ. ಎಂಟು ಗಂಟೆ ಅಂದರೆ ಯಾರ ಎಂಟು? ಮೂಡಿಗೆರೆಯ ಎಂಟು! ಆ ಹೊತ್ತಿಗೆ ಅರ್ಧ ಭೂಮಂಡಲ ಮುಸುಕು ಹೊದ್ದು ಮಲಗಿರುತ್ತದೆ. ಬಾರದವರಿಗೆ ಆ ದಿನದ ಗಂಜಿ ಇಲ್ಲ. ಹಳೆಯ ಬೇಟೆಗಾರನೊಬ್ಬನನ್ನು ಮೇಸ್ತ್ರಿ ಮಾಡಿದರು. ಅವನು ಮೇಸ್ತ್ರಿ ಎಂದರೇನೆಂದು ತಿಳಿಯುವ ಮುಂಚೆಯೇ ಕೆಲಸ ಬಿಟ್ಟು ಹೋದ. ಕೊನೆಗೆ ಪೋಲೆಂಡಿನವನು ಬಹಳ ವಿನಯದಿಂದ, 'ನಾವು ಇಲ್ಲಿಗೆ ಬರುವುದು ಕೆಲಸದಿಂದ ತಪ್ಪಿಸಿಕೊಳ್ಳಲು' ಎಂದು ತಿಳಿಸಿದ. ಅತ್ತೆ ಗಂಟುಮೂಟೆ ಕಟ್ಟಿಕೊಂಡು ವಾಪಸಾದರು.

"ಎಂಥ ಸಾವು ಮಾರಾಯ ಇದು! ಒಂಟಿಯಾಗಿದ್ರೆ ಕರಡಿ ತಿನ್ನತ್ತೆ, ಗುಂಪಿನಲ್ಲಿದ್ರೆ ಗುಂಪೇ ತಿನ್ನತ್ತೆ. ಮನುಷ್ಯ ಎಲ್ಲಿರ್ಬೇಕು?"

ಪ್ರಶ್ನೆ ನನಗೂ ಸರಿಯೆನಿಸಿತು. ಮನುಷ್ಯ ಎಲ್ಲಿರಬೇಕು? ನಾನೇನೋ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಬಾಡಿಗೆದಾರ ಎಂದು ಗುಂಪಿನಲ್ಲೇ ಇದ್ದವನು. ಒಂದು ಗಂಟೆ ಒಂಟಿಯಾಗಿರಲು ಅಂಗಡಿಯ ಶಟರ್ ಎಳೆದು ಒಳಗೆ ಕೂರುತ್ತಿದ್ದೆ. ಅತ್ತೆ ಇಪ್ಪತ್ತು ವರ್ಷ ಒಂಟಿಯಾಗಿದ್ದು ಈಗ ಪೋಲೆಂಡಿನವರ ದೀಪ ಕಾಣುವ ಕಡೆಗೆ ಕಿಟಕಿ ಇಟ್ಟುಕೊಂಡಿದ್ದರು.

ಕೊನೆಗೆ ಅವರು ಕಂಡುಕೊಂಡ ಉಪಾಯ ನಮ್ಮೂರಿನದೇ, ಮುಯ್ಯಾಳು. ನನ್ನ ಗದ್ದೆ ನಾಟಿಗೆ ನೀವು ಬಂದರೆ ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ. ಕೂಲಿ ಇಲ್ಲ, ಕೆಲಸವಿದ್ದ ಮನೆಯವರು ಊಟ ಹಾಕುತ್ತಾರೆ. ಸಂಜೆಗೆ ಅವರವರ ಮನೆ ಅವರವರಿಗೆ, ಅವರವರ ಕೀಲಿ ಅವರವರಿಗೆ. ಪೋಲೆಂಡಿನವನಿಗೆ ಇದನ್ನು ಒಂದು ಇಡೀ ಮಧ್ಯಾಹ್ನ ಕೂತು ವಿವರಿಸಿದರು. ಅವನು ಒಪ್ಪಿದ. ಒಂದು ದಿನ ದಿಬ್ಬದ ಊರಿನವರೆಲ್ಲ ಬಂದು ಅತ್ತೆಯ ತೋಟಕ್ಕೆ ಸುತ್ತ ಬೇಲಿ ಕಟ್ಟಿಕೊಟ್ಟರು. ಮುಗಿದ ಮೇಲೆ ಅತ್ತೆ, "ನಾಳೆ ನಾನು ನಿಮ್ಮಲ್ಲಿಗೆ ಬರ್ತೀನಿ" ಎಂದರು. 'ಬೇಡ ಬೇಡ, ಇದು ಹಾಗೇ ಸುಮ್ಮನೆ ಮಾಡಿದ್ದು' ಎಂದುಬಿಟ್ಟ ಪುಣ್ಯಾತ್ಮ!

ಸುಮ್ಮನೆ! ನಮ್ಮತ್ತೆಗೆ! ಮುಯ್ಯಿ ಬೇಡ ಎಂದರೆ ನಮ್ಮ ಕಡೆ ಇನ್ನು ನಿಮ್ಮ ಸಹವಾಸ ಸಾಕು ಎಂದು ಅರ್ಥ. ಅತ್ತೆಗೆ ಅಂದು ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಆ ಊರು ಮಲಗಿದ್ದ ಹೊತ್ತಿಗೆ ಹೋಗಿ, ಅವರ ಹಿತ್ತಲು ಕಳೆ ತುಂಬಿಕೊಂಡು ಹಾಳು ಬಿದ್ದಿರುವುದನ್ನು ಕಂಡು, ಬುಡ ಸಮೇತ ಕಿತ್ತು ಕನ್ನಡಿಯ ಹಾಗೆ ಮಾಡಿ ಬಂದರು. ಎಷ್ಟು ಸಮಾಧಾನ! ನನಗೆ ಫೋನ್ ಮಾಡಿ, "ನೆಲ ಕಾಣ್ತಿರ್ಲಿಲ್ಲ ಕಣೋ, ಹೆಂಗಸರಿಲ್ಲದ ಊರು ಪಾಪ" ಎಂದರು.

ಅದು ಕಳೆಯಾಗಿರಲಿಲ್ಲ. ಆ ಊರಿನವರು ತಿಂಗಳುಗಟ್ಟಲೆ ಬೆಳೆಸಿದ್ದ ಔಷಧಿ ಸೊಪ್ಪು! ಗಾಯ ವಾಸಿಯಾಗಲು ಇಡೀ ದ್ವೀಪದಲ್ಲಿ ಅದೊಂದೇ ಮದ್ದು. ಸಂಜೆ ಅಷ್ಟೂ ಜನ ಈಟಿ, ಕೊಡಲಿ, ಪಂಜು ಹಿಡಿದುಕೊಂಡು ಅತ್ತೆಯ ಮನೆಗೆ ಯುದ್ಧಕ್ಕೆ ಹೊರಟರು.

ನಾನು ಆ ದಿನ ತೋಟದಲ್ಲೇ ಇದ್ದೆ. ಪರದೆಯ ಮೇಲೆ ದಿಬ್ಬ ಇಳಿದು ಬರುವ ಪಂಜುಗಳನ್ನು ಕಂಡು ಕುರ್ಚಿಯಿಂದ ಎದ್ದೇ ಬಿಟ್ಟೆ. "ಅತ್ತೆ, ಓಡಿ!" ಎಂದೆ.

ಅತ್ತೆಯ ಮುಖ ಅರಳಿತ್ತು. "ನೋಡಿದೆಯಾ? ಕೆಲಸಕ್ಕೆ ಬರ್ತಿದಾರೆ. ಕೊಡಲೀನೂ ತಂದಿದಾರೆ! ಸಿಟ್ಟು ಇಲ್ಲ ಅವರಿಗೆ ನನ್ನ ಮೇಲೆ" ಎಂದವರೇ ದೊಡ್ಡ ಹಂಡೆಯನ್ನು ಒಲೆಗೇರಿಸಿ, ಇದ್ದ ಮಾಂಸ, ಗೆಡ್ಡೆ, ಗೆಣಸೆಲ್ಲ ಹಾಕಿ, ಬಾಗಿಲನ್ನು ಪೂರ್ತಿ ತೆರೆದು ಅಂಗಳದಲ್ಲಿ ನಿಂತು, 'ಡಿಯರ್ ಸರ್ಸ್, ಫುಡ್ ಈಸ್ ರೆಡಿ' ಎಂದು ಬರೆದರು.

ಮೇಲೆದ್ದ ಈಟಿಗಳು ಮೇಲೆಯೇ ನಿಂತವು. ಆಮೇಲೆ ಪೋಲೆಂಡಿನವನು ಈಟಿ ಕೆಳಗಿಟ್ಟು ಬಂದು ಒಲೆಯ ಪಕ್ಕ ಕೂತ. ಒಬ್ಬೊಬ್ಬರಾಗಿ ಉಳಿದವರೂ ಕೂತರು. ವಿಷಯ ತಿಳಿದಾಗ ಅತ್ತೆ ನಾಚಿಕೆಯಿಂದ ಕುಗ್ಗಿಹೋದರು, ಎರಡು ತಿಂಗಳು ಕಾಡು ಸುತ್ತಿ ಅಷ್ಟೂ ಸೊಪ್ಪಿನ ಸಸಿಗಳನ್ನು ತಂದು ಸಾಲು ಹಿಡಿದು ನೆಟ್ಟುಕೊಟ್ಟರು. ಅಂದಿನಿಂದ ಆ ಊರಿಗೂ ಅತ್ತೆಯ ಮನೆಗೂ ಮುಯ್ಯಾಳು ಗಟ್ಟಿಯಾಗಿ ನಡೆಯಿತು.

ಇಷ್ಟಾಗಿ ಎರಡು ವರ್ಷದ ಮೇಲೆ ಒಂದು ಆಷಾಢದಲ್ಲಿ ನಮ್ಮ ನಿಜವಾದ ಮಳೆ ಬಂತು. ದೇವರಮನೆ ಕಡೆ ಧರೆ ಕುಸಿಯಿತು, ರಸ್ತೆ ಮುಚ್ಚಿತು, ಮರಗಳು ಬಿದ್ದು ಕರೆಂಟು, ಫೋನು ಎರಡೂ ಹೋದವು. ತೋಟದ ಆಳುಗಳು ಗುಡ್ಡ ಹತ್ತಿಳಿದು ಬಂದು 'ಅಮ್ಮ ಚೆನ್ನಾಗಿದ್ದಾರೆ' ಎಂದು ಹೇಳಿ ಹೋಗುತ್ತಿದ್ದರು. ಹಾಗಾಗಿ ಜೀವದ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಆ ಇನ್ನೊಂದು ಮನೆಯದು. ಯಾರ ಹಂಗೂ ಇಲ್ಲದೆ ಅವರು ಕೈಯಾರೆ ಕಟ್ಟಿದ ಮನೆ! ಹದಿನೈದು ದಿನ ಕಳೆದರೆ ಬೀಗ ಬೀಳುತ್ತದೆ. ಅತ್ತೆಯ ಪಾಸ್‌ವರ್ಡ್ ನನಗೆ ಗೊತ್ತಿರಲಿಲ್ಲ. ಅವರು ಅದನ್ನು ಕೊಡುವವರೂ ಅಲ್ಲ, ನಾನು ಕೇಳುವಷ್ಟು ಧೈರ್ಯಸ್ಥನೂ ಅಲ್ಲ.

ಹದಿನೈದು ದಿನ ಕಳೆದೇ ಹೋಯಿತು. ಅದಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಫೋನು ಹೊಡೆದುಕೊಂಡಿತು. ಅತ್ತೆ! ಆ ಕೆಸರಿನಲ್ಲಿ ಗುಡ್ಡ ಇಳಿದು, ದೊಡ್ಡ ರಸ್ತೆಯ ಅಂಗಡಿಯೊಂದಕ್ಕೆ ಬಂದು ಅಲ್ಲಿಂದ ಮಾಡಿದ್ದರು.

"ಒಂದು ಕೆಲಸ ಇತ್ತು" ಎಂದರು. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. "ನಿಂಗೆ ಪುರುಸೊತ್ತಿದ್ರೆ... ಸ್ವಲ್ಪ ಹೋಗಿ ನೋಡ್ತೀಯಾ? ಮನೆ ಇದೆಯಾ ಅಂತ."

ನನಗೆ ಬುದ್ಧಿ ಬಂದಾಗಿನಿಂದ ಅವರು ಯಾರನ್ನೂ ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಪಾಸ್‌ವರ್ಡ್ ಹೇಳಿದರು, ನಾನು ಹೋಗಿ ನೋಡಿದೆ.

ಬೀಗ ನೆಲದ ಮೇಲೆ ಬಿದ್ದಿತ್ತು. ಬಾಗಿಲು ಹಾರು ಹೊಡೆದಿತ್ತು. ಬಾಗಿಲಿನ ಎರಡೂ ಕಡೆ ಆ ಊರಿನವರು ಈಟಿ ಹಿಡಿದು ನಿಂತಿದ್ದರು. ನನ್ನನ್ನು, ಅಂದರೆ ಅತ್ತೆಯ ವೇಷದಲ್ಲಿದ್ದ ನನ್ನನ್ನು ಕಂಡದ್ದೇ ಎಲ್ಲರೂ ಒಟ್ಟಿಗೆ ಬರೆಯತೊಡಗಿದರು. ನಾನು ಅವರಲ್ಲ, ಅಣ್ಣನ ಮಗ, ಅವರು ಕ್ಷೇಮ, ಇಲ್ಲಿ ಮಳೆ ಎಂದು ತಿಳಿಸಿದೆ. ಪೋಲೆಂಡಿನವನು ಬರೆದ: 'ಪಾಳಿಯ ಮೇಲೆ ಕಾಯುತ್ತಿದ್ದೇವೆ. ನಮ್ಮಲ್ಲಿ ಯಾರೂ ಒಳಗೆ ಕಾಲಿಟ್ಟಿಲ್ಲ. ಅವರಿಗೆ ಹೇಳಿ, ಯಾರೂ ಒಳಗೆ ಹೋಗಿಲ್ಲ.' ನಾನು ಒಳಗೆ ಹೋಗಿ ಹೊಸ ಬೀಗ ಹಾಕಿದೆ.

ರಸ್ತೆ ತೆರವಾದ ದಿನವೇ ಅತ್ತೆ ಅಂಗಡಿಗೆ ಬಂದರು. ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

"ಒಳಗೆ ಹೋಗ್ಲಿಲ್ವಾ?"

"ಇಲ್ಲ ಅತ್ತೆ."

"ಬಾಗಿಲು ತೆಗೆದಿತ್ತು ಅಂದೆ?"

"ತೆಗೆದಿತ್ತು. ಆದ್ರೂ ಹೋಗ್ಲಿಲ್ಲ."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಇದನ್ನ ಹೇಗೆ ತೀರಿಸೋದು ಮಾರಾಯ?" ಎಂದರು.

"ತೀರಿಸಬೇಡಿ" ಎಂದುಬಿಟ್ಟೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಬೈಗುಳ ಬರಲಿಲ್ಲ.

ನಾನು ಅವರಿಗೆಂದು ಕಂಪ್ಯೂಟರ್ ಹಾಕಿಕೊಟ್ಟು, ಗಿರಾಕಿಯೊಬ್ಬರಿಗೆ ಜೆರಾಕ್ಸ್ ತೆಗೆದು ತಿರುಗಿ ನೋಡಿದರೆ ಅತ್ತೆ ಕುರ್ಚಿಗೆ ಒರಗಿ ನಿದ್ದೆ ಹೋಗಿದ್ದರು. ಅವರು ಇನ್ನೊಬ್ಬರ ಎದುರಿಗೆ ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಳೆಗಾಳಿ ಒಳಗೆ ನುಗ್ಗುತ್ತಿತ್ತು. ಶಟರನ್ನು ಅರ್ಧ ಇಳಿಸಿ, ನನ್ನ ಸ್ವೆಟರ್ ಬಿಚ್ಚಿ, ಎಚ್ಚರವಾದರೆ ಬೇಡ ಎಂದು ಕೊಡವಿಬಿಡುತ್ತಾರೆಂದು ಹೆದರುತ್ತಲೇ ಮೆಲ್ಲಗೆ ಅವರ ಮೇಲೆ ಹೊದಿಸಿದೆ. ಅತ್ತೆಗೆ ಎಚ್ಚರವಾಯಿತು. ಕಣ್ಣು ಬಿಡದೆಯೇ ಅದನ್ನು ಕುತ್ತಿಗೆಯವರೆಗೂ ಎಳೆದುಕೊಂಡು ಹಾಗೇ ಮಲಗಿದರು.