ರಂಪಣಿ ಎಳೆದ ಕಾರು

ಅರುವತ್ತು ದಾಟಿದ ಮೇಲೆ ಬಂಡಾಯ ಏಳಬೇಕೆಂಬ ಆಸೆ ಹುಟ್ಟಿದವನಿಗೆ ಎದುರಾಗುವ ಮೊದಲ ತೊಂದರೆ, ಯಾರ ವಿರುದ್ಧ ಏಳುವುದು ಎಂಬುದು. ಅಪ್ಪ ತೀರಿಕೊಂಡಿರುತ್ತಾರೆ. ಮೇಲಧಿಕಾರಿ ನಿವೃತ್ತರಾಗಿ, ದಾರಿಯಲ್ಲಿ ಸಿಕ್ಕಿದರೆ ತಾವೇ ಮೊದಲು ನಮಸ್ಕಾರ ಮಾಡುವಷ್ಟು ಮೆತ್ತಗಾಗಿರುತ್ತಾರೆ. ಉಳಿದವಳು ಹೆಂಡತಿ, ಆದರೆ ಬಂಡಾಯಕ್ಕೂ ಒಂದು ವಿವೇಕ ಬೇಕಲ್ಲ! ನಾನು ಮೂವತ್ತಮೂರು ವರ್ಷ ಸರ್ವೆಯರ್ ಆಗಿದ್ದವನು. ಬೈಂದೂರಿನಿಂದ ಬಾರ್ಕೂರಿನವರೆಗೆ ಗದ್ದೆ ತೋಟಗಳಲ್ಲಿ ಸರಪಳಿ ಹಿಡಿದು ನಡೆದು, ಇವರ ಗಡಿ ಇಲ್ಲಿಗೆ, ಅವರ ಗಡಿ ಅಲ್ಲಿಗೆ ಎಂದು ಕಲ್ಲು ನೆಡಿಸಿದ್ದೇ ನನ್ನ ಜೀವಮಾನದ ಕೆಲಸ. ಇಂದಿಗೂ ಹೆಜ್ಜೆ ಎಣಿಸದೆ ನಡೆಯಲು ನನಗೆ ಬರುವುದಿಲ್ಲ. ಸಾಲಿಗ್ರಾಮದ ನಮ್ಮ ಮನೆಯ ಜಗಲಿಯಿಂದ ಗೇಟಿಗೆ ಇಪ್ಪತ್ತಾರು ಹೆಜ್ಜೆ. ಕೋಪ ಬಂದಿದ್ದರೆ ಇಪ್ಪತ್ತಮೂರು.

ಇಂಥವನ ಕಣ್ಣಿಗೆ ಒಂದು ಸಂಜೆ ಟಿವಿಯಲ್ಲಿ ಆ ಕಾರಿನ ಜಾಹೀರಾತು ಬಿತ್ತು. ಅದರಲ್ಲಿ ಒಬ್ಬ ಗಡ್ಡದವನಿದ್ದಾನೆ. ಅವನ ಕೆನ್ನೆಯ ಮೇಲೆ ಯಾರೋ ಅಳತೆ ಮಾಡಿ ಹಚ್ಚಿದಷ್ಟು ಕೆಸರು. 'ಪ್ರವೇಶವಿಲ್ಲ' ಎಂಬ ಫಲಕದ ಮುಂದೆ ಕಾರು ನಿಲ್ಲಿಸಿ, ಬಾಯಿಯ ಒಂದೇ ಬದಿಯಿಂದ ನಗುತ್ತಾನೆ. ಮರುಕ್ಷಣ ಕಾರು ಸಮುದ್ರದಂಚಿನ ಮರಳಿನಲ್ಲಿ ಹಾರುತ್ತದೆ. ನೀರು ಹೆದರಿ ಎರಡೂ ಕಡೆಗೆ ಸರಿಯುತ್ತದೆ. ಆಗ ಬಾವಿಯೊಳಗಿಂದ ಬಂದಂಥ ಒಂದು ದನಿ ಹೇಳುತ್ತದೆ: "ಗೆರೆಗಳೆಲ್ಲ ಬೇರೆಯವರಿಗೆ." ಜೀವಮಾನವಿಡೀ ಗೆರೆ ಎಳೆದವನಿಗೆ ಈ ಮಾತು ಎಲ್ಲಿ ತಾಗಿತೆಂದು ನಾನು ವಿವರಿಸಬೇಕಾಗಿಲ್ಲ. ಆಮೇಲೆ ಇಂಥ ಜಾಹೀರಾತುಗಳನ್ನು ಬಿಡದೆ ನೋಡಿದೆ. ಯಾವುದರಲ್ಲಿಯೂ ರಸ್ತೆಗೆ ಅಡ್ಡ ಮಲಗಿದ ದನ ಇಲ್ಲ. ಹಿಂದಿನ ಸೀಟಿನಲ್ಲಿ ಚೀಲ ಹಿಡಿದು ಕುಳಿತ ಅತ್ತಿಗೆ ಇಲ್ಲ. ಗಡ್ಡ ಬೋಳಿಸಲು ಪುರುಸೊತ್ತಿಲ್ಲದ ಆ ಮನುಷ್ಯನ ಅಂಗಿಗೆ ಮಾತ್ರ ಯಾವಾಗಲೂ ಇಸ್ತ್ರಿ. ಅವನು ಎಲ್ಲಿಗೆ ಹೊರಟಿದ್ದಾನೆ, ಬರುವಾಗ ಕೊತ್ತಂಬರಿ ಸೊಪ್ಪು ತರಬೇಕೇ ಎಂದು ಕೇಳುವವರೇ ಇಲ್ಲ. ಗಂಡಸುತನವೆಂದರೆ ಮನೆಯವರಿಗೆ ಹೇಳದೆ ಹೊರಡುವುದು ಎಂದು ಕಂಪನಿಯವರು ತಿಳಿದಂತಿದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಗಡ್ಡ ಬಿಟ್ಟೆ. ಅದು ಬಿಳಿಯಾಗಿ ಬಂತು. ನನ್ನ ಹೆಂಡತಿ ಜಲಜ ಎರಡು ದಿನ ನೋಡಿ, "ಎಂತ ಮರ್ರೆ, ಮೈ ಹುಶಾರಿಲ್ದಾ?" ಎಂದಳು.

ಕೊನೆಗೆ ಕುಂದಾಪುರದ ಷೋರೂಮಿಗೆ ಹೋಗಿ ಅದೇ ಕಾರನ್ನು ತಂದೆವು. ಅಲ್ಲಿಯ ಹುಡುಗಿ ಬಂಡಾಯದ ಮಾತನ್ನೇ ಎತ್ತಲಿಲ್ಲ. "ಹಿಂದೆ ಕಾಯಿ ಹಾಕೂಕೆ ಜಾಗ ಲಾಯ್ಕ್ ಇತ್ತ್ ಸರ್, ಎಪ್ಪತ್ತ್ ಕಾಯಿ ಹಿಡಿತ್ತ್" ಎಂದಳು. ಗೆರೆ ಗೊತ್ತಿಲ್ಲದ ಆ ವಾಹನ ರಾಹುಕಾಲ ಕಳೆಯುವವರೆಗೆ ಷೋರೂಮಿನಲ್ಲೇ ಕಾದು, ಕೊರಳಿಗೆ ಸೇವಂತಿಗೆ ಹಾರ ಹಾಕಿಕೊಂಡು, ನಾಲ್ಕು ಲಿಂಬೆಹಣ್ಣುಗಳ ಮೇಲೆ ಹರಿದು ನಮ್ಮ ಮನೆಗೆ ಬಂತು.

ನಾಲ್ಕನೆಯ ದಿನ ಬೆಳಿಗ್ಗೆ ಜಲಜಳನ್ನು ಕೂರಿಸಿಕೊಂಡು ಬೀಜಾಡಿಯ ಕಡಲ ತೀರಕ್ಕೆ ಹೋದೆ. ಬಂಡಾಯವನ್ನು ನೋಡಲು ಒಬ್ಬರಾದರೂ ಬೇಕು. ಡಾಮರು ಮುಗಿಯುವಲ್ಲಿ ಅವಳು, "ಸಾಕ್, ಇಲ್ಲೇ ನಿಲ್ಸಿ" ಎಂದಳು. ನಾನು ಬಾಯಿಯ ಒಂದು ಬದಿಯಿಂದ ನಕ್ಕೆ. ಕಾರು ಮರಳಿಗೆ ಇಳಿದು, ಇಳಿಜಾರಿನಲ್ಲಿ ಚೆನ್ನಾಗಿಯೇ ಓಡಿ, ಮೂಗನ್ನು ಸಮುದ್ರದ ಕಡೆಗೆ ಮಾಡಿ ನಿಂತುಬಿಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಕೆಳಗೆ ಹೋಗುತ್ತಿತ್ತು. ಇಳಿದು ನೀರಿನವರೆಗೆ ಅಳೆದೆ: ಮೂವತ್ತೊಂದು ಹೆಜ್ಜೆ. ಸ್ವಲ್ಪ ಹೊತ್ತು ಕೈಯಲ್ಲಿ ಮರಳು ಬಗೆದು ಮತ್ತೆ ಅಳೆದೆ: ಇಪ್ಪತ್ತನಾಲ್ಕು. ನನ್ನ ಅಳತೆ ಜೀವಮಾನದಲ್ಲಿ ಹೀಗೆ ತಪ್ಪಿದ್ದಿಲ್ಲ. ಆಮೇಲೆ ಹೊಳೆಯಿತು, ತಪ್ಪಿದ್ದು ಅಳತೆಯಲ್ಲ, ಭರತದ ನೀರು ಏರುತ್ತಿದೆ. ಇನ್ನೂ ಸೀಟಿನ ಪ್ಲಾಸ್ಟಿಕ್ ತೆಗೆಯದ ಕಾರು ನನ್ನ ಕಣ್ಣೆದುರಿಗೇ ಅರಬ್ಬಿ ಸಮುದ್ರಕ್ಕೆ ಸೇರಲಿತ್ತು.  

ಜಲಜ ಸೆರಗು ಸಿಕ್ಕಿಸಿಕೊಂಡು, ತೀರದಲ್ಲಿ ಒಂದಿಷ್ಟು ದೂರದಲ್ಲಿದ್ದ ಕೈರಂಪಣಿಯವರ ಕಡೆಗೆ ನಡೆದಳು. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಿಗೆ ಬಿಟ್ಟು ಬಂದು, ಅದರ ಎರಡು ತುದಿಯ ಹಗ್ಗ ಹಿಡಿದು ದಡದಿಂದ ಹತ್ತಾರು ಜನ ಎಳೆಯುವುದು ಕೈರಂಪಣಿ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲುಂಟು; ದಾರಿಹೋಕನಾದರೂ ಸರಿ. ಅವರು ಆಗಷ್ಟೇ ಬಲೆ ಎಳೆದು ಮುಗಿಸಿದ್ದರು. ಹಗ್ಗ ಹೊತ್ತು ಇಪ್ಪತ್ತೆರಡು ಜನ ಬಂದರು, ಅವರಲ್ಲಿ ಎಂಟು ಹೆಂಗಸರು. ತಂಡದ ಯಜಮಾನ ಮಂಜಣ್ಣ ಕಾರಿಗೆ ಒಂದು ಸುತ್ತು ಬಂದು, "ಹ್ವಾಯ್, ಎಲ್ಲಿಗ್ ಹೊರ್ಟದ್ದ್? ಲಕ್ಷದ್ವೀಪಕ್ಕಾ?" ಎಂದ.

"ಟಿವಿಯಲ್ಲಿ ಹೀಗೆಯೇ ಓಡಿಸುತ್ತಾರೆ" ಎಂದೆ. 

"ಓಡ್ಸುದ್ ತೋರ್ಸ್ತ್ರ್. ಆಮೇಲೆ ಎಳ್ದದ್ದ್ ಯಾರ್ ಅಂತ ತೋರ್ಸ್ತ್ರಾ?" ಎಂದ ಮಂಜಣ್ಣ, ಹಿಂದಿನ ಕೊಕ್ಕೆಗೆ ಹಗ್ಗ ಬಿಗಿಯುತ್ತ. "ನೀವ್ ಒಳ್ಗ್ ಕೂಕಣಿ. ಗೇರ್ ತೆಗ್ದ್ ಸುಮ್ನೆ ಇರಿ. ಬೇರೆ ಎಂತದೂ ಮುಟ್ಬೇಡಿ."

ಹೀಗೆ ನಾನು ಸ್ಟಿಯರಿಂಗ್ ಹಿಡಿದು, ಗಡ್ಡ ಮುಂದೆ ಮಾಡಿ, ಸಮುದ್ರವನ್ನೇ ದಿಟ್ಟಿಸುತ್ತ ಕುಳಿತೆ. ಆ ಹೊತ್ತಿಗೆ ಯಾರಾದರೂ ಚಿತ್ರ ತೆಗೆದಿದ್ದರೆ ಜಾಹೀರಾತಿಗೆ ಧಾರಾಳ ಸಾಕಿತ್ತು. ಹಿಂದೆ "ಐಸಾ" ಎಂದು ಕೂಗು ಎದ್ದಿತು. ಕನ್ನಡಿಯಲ್ಲಿ ನೋಡಿದೆ, ಹಗ್ಗದ ಸಾಲಿನಲ್ಲಿ ಇಪ್ಪತ್ತಮೂರನೆಯವಳಾಗಿ ಜಲಜ ನಿಂತಿದ್ದಳು. ಎಳೆದರು. ಕಾರು ಜಗ್ಗಲಿಲ್ಲ. ಮತ್ತೆ ಎಳೆದರು. ನೀರು ಒಂಬತ್ತು ಹೆಜ್ಜೆ ದೂರದಲ್ಲಿತ್ತು, ಆಮೇಲೆ ಐದು. ಜಲಜಳ ಹೆಸರನ್ನು ಆಗಲೇ ಕೇಳಿಕೊಂಡಿದ್ದ, ಮೀನು ಮಾರುವ ಗುಲಾಬಿಯ ದನಿ ಎಲ್ಲರಿಗಿಂತ ಮೇಲೆ ಕೇಳಿತು: "ಇಷ್ಟ್ ಹಟದ್ ಮೀನ್ ನಾನ್ ಕಂಡದ್ದೇ ಇಲ್ಲ ಮರ್ರೆ! ಜಲಜಕ್ಕ, ನಿಮ್ ಗಂಡ ಒಳ್ಗ್ ಎಷ್ಟ್ ತೂಕ ಇದ್ರ್?" ನಗುತ್ತಲೇ ಅವರು ಹಗ್ಗವನ್ನು ಸೊಂಟಕ್ಕೆ ಕೊಟ್ಟು ಹಿಂದಕ್ಕೆ ವಾಲಿದರು. ಒಂದು ಅಲೆ ಬಂದು ಮುಂದಿನ ಬಂಪರನ್ನು ಮುಟ್ಟಿ ಹೋಯಿತು. ಎಳೆಯತೊಡಗಿ ಕಾಲು ಗಂಟೆಯಾಗಿರಬೇಕು. ಆಗ ಇನ್ನೊಂದು "ಐಸಾ"ಕ್ಕೆ ಕಾರು ಒಮ್ಮೆಲೇ ಕಿತ್ತು ಬಂತು. ಎಷ್ಟು ರಭಸದಿಂದ ಎಂದರೆ ಹಗ್ಗದವರೆಲ್ಲ ಮರಳಿನಲ್ಲಿ ಅಂಗಾತ ಬಿದ್ದು, ಬಿದ್ದಲ್ಲಿಂದಲೇ ಕೇಕೆ ಹಾಕಿದರು. ನಾನು ಸರ್ಕಾರಿ ಕೆಲಸದಲ್ಲಿ ಬಹಳ ಜನರನ್ನು ನೋಡಿದ್ದೇನೆ. ಗಡಿಯ ಒಂದು ಗೇಣಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ. ಗುರುತಿಲ್ಲದವನ ಕಾರಿಗಾಗಿ ಇಷ್ಟು ಜನ ಬೆನ್ನು ಕೊಟ್ಟದ್ದನ್ನು ಅಂದೇ ನೋಡಿದ್ದು. ಇವರು ನನ್ನ ಊರ ಕಡೆಯವರು ಎಂದು ಹೇಳಿಕೊಳ್ಳುವಾಗ ಎದೆ ಉಬ್ಬುತ್ತದೆ.

ಎದ್ದು ಮರಳು ಕೊಡವಿಕೊಂಡ ಗುಲಾಬಿ, "ಹ್ವಾಯ್, ಹಗ್ಗ ಹಿಡ್ದವ್ರಿಗ್ ಪಾಲ್ ಎಲ್ಲಿ?" ಎಂದಳು. ಕ್ರಮ ಕ್ರಮವೇ. ಮಂಜಣ್ಣ ಯೋಚಿಸಿ ತೀರ್ಪು ಕೊಟ್ಟ: ಮೀನಿನ ಟೆಂಪೋ ಬರಲು ಇನ್ನೂ ಹೊತ್ತಿದೆ, ಬುಟ್ಟಿಗಳು ಈ ಕಾರಿನಲ್ಲಿ ಕುಂದಾಪುರಕ್ಕೆ ಹೋಗಲಿ. ಎಪ್ಪತ್ತು ತೆಂಗಿನಕಾಯಿಯ ಜಾಗದಲ್ಲಿ ಆರು ಬುಟ್ಟಿ ಬಂಗುಡೆ ಹಿಡಿಯಿತು. ಹಿಂದಿನ ಸೀಟಿನಲ್ಲಿ ಗುಲಾಬಿ ಮತ್ತು ಇಬ್ಬರು ಕುಳಿತರು. "ಟೆಂಪೋಕ್ಕಿಂತ ಲಾಯ್ಕ್ ಇತ್ತ್. ಆರೆ ಪ್ಲಾಸ್ಟಿಕ್ ತೆಗುಕ್ ಆಗ್ದಾ, ಜಾರತ್ತ್" ಎಂದರು. ಹೆದ್ದಾರಿಯಲ್ಲಿ ಗಂಟೆಗೆ ನಲವತ್ತರ ವೇಗದಲ್ಲಿ, ಎಡಬದಿಯ ಗೆರೆಯೊಳಗೇ ಓಡಿಸಿದೆ. ಎಲ್ಲರೂ ನಮ್ಮ ಕಾರನ್ನೇ ನೋಡುತ್ತಿದ್ದರು. ವಾಸನೆಯೂ ಕಾರಣವಿರಬಹುದು. ಆದರೆ ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಆ ಕಾರು ನನ್ನದು ಅನ್ನಿಸಿತು. ಮಾರುಕಟ್ಟೆಯಲ್ಲಿ ಇಳಿಯುವಾಗ ಗುಲಾಬಿ ಜಲಜಳಿಗೆ ಒಂದು ಪೂರ್ತಿ ಪಾಲು ಬಂಗುಡೆ ಕೊಟ್ಟಳು. ನನ್ನ ಕಡೆ ನೋಡಿ, "ಇವ್ರಿಗ್ ಅರ್ಧ. ಕೂಕಂಡದ್ದಕ್ಕೆ" ಎಂದು ಮೂರು ಮೀನು ಸೇರಿಸಿದಳು.

ಈಗ ಒಂದು ಸಂಗತಿ ನಿಮಗೆ ಮಾತ್ರ. ಗಾಡಿ ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯುವುದು ನನ್ನ ಶಿಸ್ತು. ಮರಳಿನಲ್ಲಿ ಹೂತ ಮೇಲೂ ಎಳೆದಿದ್ದೆ, ಎಲ್ಲಾದರೂ ಜಾರಿ ಹೋದೀತೆಂದು. ಮಂಜಣ್ಣ ಬೇರೆ ಎಂತದೂ ಮುಟ್ಟಬೇಡಿ ಎಂದದ್ದರಿಂದ ಮುಟ್ಟಲಿಲ್ಲ. ಅಲೆ ಬಂಪರಿಗೆ ಬಡಿದಾಗ, ಹಿಡಿದುಕೊಳ್ಳಲು ಏನಾದರೂ ಬೇಕೆಂದು ಎಡಗೈಯಲ್ಲಿ ತಡವಿದೆ. ಕೈಗೆ ಸಿಕ್ಕಿದ್ದು ಬ್ರೇಕಿನ ಹಿಡಿ, ಅದು ಮೇಲೆಯೇ ಇತ್ತು. ಸದ್ದಾಗದಂತೆ ಇಳಿಸಿದೆ. ಹಿಂದೆ ಅವರು "ಐಸಾ" ಎಂದದ್ದು ಆಗಲೇ. ಇಪ್ಪತ್ತಮೂರು ಜನ ರಂಪಣಿಯ ಹಗ್ಗದಲ್ಲಿ ಎಳೆದರೂ ಕಾಲು ಗಂಟೆ ಬಿಡದೆ ನಿಂತ ಆ ಬ್ರೇಕಿನ ಬಗ್ಗೆ ಜಾಹೀರಾತಿನವರು ಒಂದೇ ಒಂದು ಮಾತು ಆಡುವುದಿಲ್ಲ. ಜಲಜ ಮನೆಗೆ ಬಂದವರಿಗೆಲ್ಲ ಅಂಗೈಯಲ್ಲಿ ಎದ್ದ ಹಗ್ಗದ ಬರೆ ತೋರಿಸಿ ಕಾರು ಎಳೆದ ಕಥೆ ಹೇಳುತ್ತಾಳೆ. ಅವರು ನನ್ನ ಕಡೆ ತಿರುಗಿ, ಹೌದಾ ಎಂದು ಕೇಳುತ್ತಾರೆ. ಹೌದು, ಅಷ್ಟು ಬಲ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಹ್ಯಾಂಡ್‌ಬ್ರೇಕಿನ ವಿಷಯ ಈವರೆಗೆ ಯಾರೂ ಕೇಳಿಲ್ಲ. ಗಡಿ ವ್ಯಾಜ್ಯಗಳಲ್ಲಿ ಎಷ್ಟೋ ಸಲ ಸಾಕ್ಷಿ ಹೇಳಿದವನು ನಾನು. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.